ಅರಸರು ಇಂದು ಏನೂ ಹೇಳಲಿಲ್ಲ

ಜನವರಿ 12, ಭಾನುವಾರ

ಸಾಹುಕಾರರನ್ನು ಅಲ್ ಐನ್‌ನ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದಾರೆ. ಹೋಗಿ ನೋಡಿ ಬಂದೆ. ಗ್ರೈಂಡರಿನ ಸದ್ದನ್ನೂ ಮೀರಿಸಿ ವರ್ಕ್‌ಶಾಪಿನ ಆ ತುದಿಗೆ ಮುಟ್ಟುತ್ತಿದ್ದ ಗಂಟಲು ಅದು. ಈಗ ಬಾಯಿ ಒಂದು ಮಗ್ಗುಲಿಗೆ ಜಾರಿದೆ, ಬಲಗೈಯಲ್ಲಿ ಜೀವವಿಲ್ಲ, ಮಾತಂತೂ ಪೂರ್ತಿ ಹೋಗಿದೆ. ಗದಗದ ಕಡೆಯಿಂದ ಈ ಅರಬರ ನಾಡಿಗೆ ವೆಲ್ಡರಾಗಿ ಬಂದು, ಮುಸಫ್ಫಾದಲ್ಲಿ ಸ್ವಂತ ಫ್ಯಾಬ್ರಿಕೇಶನ್ ವರ್ಕ್‌ಶಾಪು ಕಟ್ಟಿ, ಎಲ್ಲದಕ್ಕೂ ಕೊಂಕು ತೆಗೆಯುವ ನನ್ನಂಥ ಮೈಸೂರಿನ ಕ್ವಾಲಿಟಿ ಇನ್‌ಸ್ಪೆಕ್ಟರನನ್ನೂ ಸಹಿಸಿಕೊಂಡ ಹೊನ್ನಪ್ಪ ಸಾಹುಕಾರರನ್ನು ಹೀಗೆ ನೋಡಲು ನನ್ನಿಂದ ಆಗಲಿಲ್ಲ. ಎದ್ದು ಬಂದುಬಿಡೋಣ ಅನ್ನಿಸಿತು.

ಅವರ ಹೆಂಡತಿ ತಾರಾಬಾಯಿಯವರು ಬಿಡಲಿಲ್ಲ. "ಬರ್ರಿ ಸರ, ಇಲ್ಲೆ ಕುಂದರ್ರಿ. ನಮ್ಮ ಯಾರ ದನಿಗೂ ಇವ್ರು ಮಾತಾಡವಲ್ರು. ನಿಮ್ಮ ದನಿ ಕೇಳಿದ್ರರ ಏನರ ಅಂತಾರೇನ ನೋಡೂಣು" ಎಂದರು.

ಮನೆಯಲ್ಲೇ ಇದ್ದು ನೋಡಿಕೊಳ್ಳಲು ವೆಲಿಟಾ ಎಂಬ ನರ್ಸ್ ಬಂದಿದ್ದಾಳೆ, ಉಡುಪಿ ಕಡೆಯವಳು. "ಹೊಸತು ಎಂತದೂ ಬೇಡ ಸರ್. ಅವರಿಗೆ ಮೊದಲೇ ಗೊತ್ತಿದ್ದದ್ದು, ಇಷ್ಟ ಇದ್ದದ್ದು ಹೇಳಿ. ಡಾಕ್ಟ್ರು ಹಾಗೇ ಹೇಳಿದ್ದು" ಎಂದಳು.

ಅವರಿಗೆ ಇಷ್ಟವಾದದ್ದು ಯಾವುದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಿಂದೆ ಅವರು ಪ್ಲೇಟ್ ಬಗ್ಗಿಸುವ ಮೆಷಿನ್ ತರಲು ಚೀನಾಕ್ಕೆ ಹೋಗಿದ್ದಾಗ, ಮಾರಿದವನು ಇಂಗ್ಲಿಷಿನಲ್ಲಿದ್ದ ದಪ್ಪನೆಯ ಪುಸ್ತಕವೊಂದನ್ನು ಉಡುಗೊರೆ ಕೊಟ್ಟಿದ್ದ. ಚೀನಾದ ಹಳೆಯ ಅರಸರ ಕಥೆ. ಸಾಹುಕಾರರಿಗೆ ಇಂಗ್ಲಿಷ್ ಬಾರದು, ನನಗೆ ಕಥೆ ಹೇಳುವ ಚಟ. ಭಾನುವಾರಕ್ಕೊಂದು ಅಧ್ಯಾಯದಂತೆ ಇಡೀ ಪುಸ್ತಕವನ್ನು ಕನ್ನಡದಲ್ಲಿ ಹೇಳಿ ಮುಗಿಸಿದ್ದೆ. ಅವರದೊಂದು ಶರತ್ತು. ಅವರು ವಾಕ್ಯಕ್ಕೊಂದು ಹೂಂ ಅನ್ನಬೇಕು, ಅವರು ಹೂಂ ಅನ್ನದೆ ನಾನು ಮುಂದೆ ಹೋಗಬಾರದು. ಅವರ ಅಜ್ಜಿ ಕಥೆ ಹೇಳುತ್ತಿದ್ದದ್ದು ಹಾಗಂತೆ. ನಮ್ಮಜ್ಜಿಯದೂ ಅದೇ ಕಾನೂನು.

ಪುಸ್ತಕದ ರಟ್ಟು ಎಂದೋ ಕಿತ್ತು ಹೋಗಿದೆ. ತಲೆಬರಹವಿಲ್ಲದ ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲಿನಿಂದ ಶುರು ಮಾಡಿದೆ. ಉತ್ತರದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಒಬ್ಬ ಮುದಿ ಅರಸನಿದ್ದ. ಅರಸನಿಗೆ ವಯಸ್ಸಾದ ಮೇಲೆ ಹುಟ್ಟಿದ ಒಬ್ಬನೇ ಮಗನಿದ್ದ.

"ಹೂಂ."

ತಾರಾಬಾಯಿಯವರು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದರು. ನಾನು ಅತ್ತೆ. ಅತ್ತೆನೆಂದು ಬರೆದುಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಜನವರಿ 26, ಭಾನುವಾರ

ಕಥೆ ಚೆನ್ನಾಗಿ ಸಾಗಿದೆ. ಅರಸನಿಗೆ ಕಾಯಿಲೆಯಾಗಿ ಬಾಯಿ ಬಿದ್ದುಹೋಗಿದೆ. ಪರದೆಯ ಹಿಂದೆ ಮಲಗಿದ್ದಾನೆ. ದ್ರೋಹಿ ಸೇನಾಪತಿ ಕುವೊ ಲಾಂಗ್‌ಗೆ ರಾಜ್ಯ ಬೇಕು. ಕಸಿದುಕೊಳ್ಳುವ ಬಲ ಅವನಿಗಿದೆ, ಆದರೆ ಕಸಿದದ್ದು ಎಂದು ಯಾರೂ ಅನ್ನಬಾರದು. ಅರಸನೇ ಕೊಟ್ಟ ಎನ್ನಿಸಿಕೊಳ್ಳಬೇಕು. ದಿನಾ ಬೆಳಿಗ್ಗೆ ಪರದೆಯ ಒಳಗೆ ಹೋಗಿ ಅರಸನ ಮಾತನ್ನು ಸಭೆಗೆ ತರುವ ಕೆಲಸ ಮಂತ್ರಿ ಪೈ ಶೆನ್‌ನದು. ಅವನು ದಿನಾ ಹೊರಬಂದು, ಸೇನಾಪತಿಯ ಕತ್ತಿಯ ಎದುರಿಗೇ ನಿಂತು ಒಂದೇ ಮಾತು ಹೇಳುತ್ತಾನೆ: ಅರಸರು ಇಂದು ಏನೂ ಹೇಳಲಿಲ್ಲ.

ಮೊದಲ ಸುತ್ತಿನಲ್ಲಿ ಈ ಜಾಗಕ್ಕೆ ಬಂದಾಗ ಸಾಹುಕಾರರು ತೊಡೆ ತಟ್ಟಿ, "ಇಂವಾ ನೋಡ್ರಿ ಮೂರ್ತಿಯವರ, ಇಂವಾ ಮನಷಾ! ಒಂದ್ ಸುಳ್ಳು ಹೇಳಿದ್ರ ಅರ್ಧಾ ರಾಜ್ಯ ಇವಂದ ಆಗ್ತಿತ್ತು" ಎಂದಿದ್ದರು. ಕೊನೆಯ ಅಧ್ಯಾಯದಲ್ಲಿ ಆ ಮಾತು ಹೇಳಿದ್ದಕ್ಕೇ ಪೈ ಶೆನ್‌ನ ತಲೆ ಹೋದ ದಿನ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಎದ್ದು ಹೋಗಿದ್ದರು. ಆ ರಾತ್ರಿ ಊಟ ಮಾಡಲಿಲ್ಲವಂತೆ.

ವೆಲಿಟಾ ಒಂದು ಸಂಗತಿ ಕಂಡುಹಿಡಿದಿದ್ದಾಳೆ. "ಸರ್, ಇವರು ಕಥೆಗೆ ಮಾತ್ರ ಹೂಂ ಹೇಳುವುದು. ಗಂಜಿ ಬೇಕಾ ಕೇಳಿದ್ರೆ ಇಲ್ಲ, ನೋವುಂಟಾ ಕೇಳಿದ್ರೆ ಇಲ್ಲ. ಅದೂ ನೀವು ಹೇಳಿದ್ರೆ ಮಾತ್ರ." ತಾರಾಬಾಯಿಯವರು ಹತ್ತಿರ ಬಂದು ಕೂತರೂ ಸಾಕು, ಬಾಯಿ ಮುಚ್ಚಿಬಿಡುತ್ತಾರೆ. "ಕಟ್ಟಿಕೊಂಡ ಹೆಂಡ್ತಿಗೆ ಇಲ್ಲ, ಚೀನಾದ ರಾಜಾಗ ಹೂಂ ಅಂತಾರ!" ಎಂದು ಆಕೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಮನೆಗೆ ಬಂದು ಚಾಮುಂಡೇಶ್ವರಿಗೆ ಹೇಳಿದರೆ, "ಅಂತೂ ನಿಮ್ಮ ಕಥೆ ಕೇಳೋಕೆ ಒಬ್ಬರು ಸಿಕ್ಕಿದ್ರಲ್ಲ. ನಾನಂತೂ ಮೂವತ್ತು ವರ್ಷ ಕೇಳಿ ಸುಸ್ತಾಗಿದೀನಿ ಕಣ್ರೀ" ಎಂದಳು. ಹೆಂಡತಿಗೆ ಸಾಹಿತ್ಯದ ಗಂಧವಿಲ್ಲ.

ಫೆಬ್ರುವರಿ 4, ಮಂಗಳವಾರ

ಮೈ ಉರಿಯುತ್ತಿದೆ. ಇವತ್ತು ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗಿನಲ್ಲಿ ನಡೆದದ್ದನ್ನು ಬರೆಯದೆ ನಿದ್ದೆ ಬಾರದು. ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಂದಿನ ಕೆಲಸ, ಎಚ್ಚರಿಕೆ ಹೇಳುವ ಮೀಟಿಂಗು ಅದು. ಸಾಹುಕಾರರು ಒಂದು ದಿನವೂ ತಪ್ಪಿಸಿದವರಲ್ಲ. ಈಗ ಆ ಜಾಗದಲ್ಲಿ ಆಪರೇಶನ್ಸ್ ಮ್ಯಾನೇಜರ್ ನಿರಂಜನ ನಿಲ್ಲುತ್ತಾನೆ. ಬೆಂಗಳೂರಿನವನು, ಮಾತಿನಲ್ಲಿ ಬೆಣ್ಣೆ. ನಿಲ್ಲಲಿ, ಯಾರಾದರೂ ನಿಲ್ಲಲೇಬೇಕು. ಆದರೆ ಇವತ್ತು, "ನಿನ್ನೆ ಸಾಹುಕಾರ್ ಹತ್ರ ಮಾತಾಡ್ದೆ. ಶಿಫ್ಟ್ ಬದಲಾಯಿಸು ಅಂತ ಅವರೇ ಹೇಳಿದ್ರು" ಎಂದುಬಿಟ್ಟ.

ಇವನ ಕೈಯಲ್ಲಿ ಹೇಳಿದರಂತೆ! ಬಾಯಿಲ್ಲದ ಮನುಷ್ಯನ ಬಾಯಿಂದ ಶಿಫ್ಟು ಬದಲಾಯಿಸುತ್ತಾನೆ. ಕುವೊ ಲಾಂಗ್‌ಗಾದರೂ ಒಬ್ಬ ಪೈ ಶೆನ್ ಬೇಕಾಗಿದ್ದ, ಇವನಿಗೆ ಅದೂ ಬೇಡ.

ಸಾಲಿನ ಕೊನೆಯಲ್ಲಿ ಸಾಹುಕಾರರ ಮಗಳು ಅಕ್ಷರಾ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಳು. ಅಲ್ ಐನ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ ಹೋದ ವರ್ಷದಿಂದ ಇಲ್ಲೇ ಕೆಲಸ ಕಲಿಯುತ್ತಿದ್ದಾಳೆ. ಆಯುಧಪೂಜೆಯ ದಿನ ಸಾಹುಕಾರರು ಕುಂಬಳಕಾಯಿ ಒಡೆದು, ಎಲ್ಲರೆದುರಿಗೆ, "ನನ್ನ ಹಿಂದ ಈ ಕುರ್ಚಿ ಮ್ಯಾಗ ಇಕೀನ ಕೂಡಾಕಿ" ಎಂದಿದ್ದರು. ನಾನು ಅವರ ಪಕ್ಕದಲ್ಲೇ ಇದ್ದೆ. ನಿರಂಜನನೂ ಇದ್ದ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಿದ್ದ.

ಸಾಹುಕಾರರ ಕುರ್ಚಿ, ತಾರಾಬಾಯಿಯವರು ಹೊಲಿದ ಕೌದಿಯ ದಿಂಬಿನ ಸಮೇತ, ಹಾಗೇ ಖಾಲಿ ಇದೆ. ಅವನು ಅದರಲ್ಲಿ ಕೂರುವುದಿಲ್ಲ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಅದು ಇನ್ನೂ ಅಸಹ್ಯ.

ಫೆಬ್ರುವರಿ 16, ಭಾನುವಾರ

ನಿರಂಜನ ಮನೆಗೆ ಬಂದಿದ್ದ. ಮೈಸೂರುಪಾಕು ತಂದಿದ್ದ. ನಮ್ಮ ಶಾಬಿಯಾದ ಫ್ಲ್ಯಾಟಿನ ಸೋಫಾದಲ್ಲಿ ಕೂತು, ಚಾಮುಂಡೇಶ್ವರಿಯ ಕಾಫಿ ಹೊಗಳಿ, ವಿಷಯಕ್ಕೆ ಬಂದ.

ವಿಷಯ ಇಷ್ಟು. ವರ್ಕ್‌ಶಾಪಿನ ಲೈಸೆನ್ಸ್ ಸಾಹುಕಾರರ ಹೆಸರಿನಲ್ಲಿದೆ. ಅವರ ಬದಲು ಸಹಿ ಮಾಡುವ ಅಧಿಕಾರವನ್ನು ಅವರು ಹಿಂದೆಯೇ ತಾರಾಬಾಯಿಯವರಿಗೆ ಕೊಟ್ಟಿದ್ದಾರೆ. ಆಕೆ ಲೈಸೆನ್ಸನ್ನು ನಿರಂಜನನ ಹೆಸರಿಗೆ ಮಾಡಿಕೊಡಬೇಕು. ಆಕೆ ಒಪ್ಪುತ್ತಿಲ್ಲ. ಗಂಡನ ಬಾಯಿಂದ ಬರಲಿ, ಆಮೇಲೆ ಸಹಿ ಎನ್ನುತ್ತಾರೆ.

"ಆ ಹುಡುಗಿ ಫೋನ್ ಮಾಡಿದ್ರೆ ಕ್ಲೈಂಟ್ ಎತ್ತಲ್ಲ, ಮೂರ್ತಿ ಸರ್. ವೆಲ್ಡರ್‌ಗಳ ವೀಸಾ ರಿನ್ಯೂವಲ್ ನಿಂತಿದೆ. ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಇಷ್ಟು ಜನಕ್ಕೆ ಅನ್ನ ಹಾಕೋನು ಓನರ್ರಾ, ಅಥವಾ ಅಪ್ಪನ ಹೆಸರು ಇಟ್ಕೊಂಡೋರು ಓನರ್ರಾ?"

ಅಕ್ಷರಶಃ ಕುವೊ ಲಾಂಗ್‌ನ ವಾದ! ಆಕಾಶವು ಅರಸನಿಗೆ ಆಳಲು ಅಪ್ಪಣೆ ಕೊಡುತ್ತದೆ, ಆಳಲಾರದವನಿಂದ ಅದನ್ನು ಹಿಂದಕ್ಕೆ ಪಡೆಯುತ್ತದೆ ಎಂಬುದು ಆ ದೇಶದವರ ನಂಬಿಕೆ. ಈಗ ಆ ಅಪ್ಪಣೆ ನನಗಾಗಿದೆ ಎನ್ನುತ್ತಾನೆ ಸೇನಾಪತಿ. ಪೈ ಶೆನ್ ಕೊಟ್ಟ ಉತ್ತರವನ್ನೇ ನಾನೂ ಕೊಟ್ಟೆ. "ಆಕಾಶ ಮಾತಾಡಿದ್ರೆ ಎಲ್ಲರಿಗೂ ಕೇಳ್ಸುತ್ತೆ ನಿರಂಜನ. ನಿನ್ನೊಬ್ಬನ ಕಿವೀಲಿ ಹೇಳಲ್ಲ."

ಅವನಿಗೆ ಏನೂ ಅರ್ಥವಾಗಲಿಲ್ಲ, ಪಾಪ. ಆದರೂ ನಕ್ಕು, "ನಿಮ್ಮ ರಿನ್ಯೂವಲ್ಲೂ ಏಪ್ರಿಲ್‌ಗೇ ಅಲ್ವಾ ಸರ್?" ಎಂದು ಕೇಳಿ ಎದ್ದ.

ಅವನು ಹೋದ ಮೇಲೆ ಚಾಮುಂಡೇಶ್ವರಿ, "ಇದೆಲ್ಲ ಬೇಡ ರೀ. ಆ ಅಮ್ಮನಿಗೆ ಆಯುಧಪೂಜೆ ದಿನ ಏನಾಯ್ತು ಅಂತ ಹೇಳ್ಬಿಡಿ, ಊರಿಗೆ ಹೋಗ್ಬಿಡೋಣ. ಹಿತಾ ಬಾ ಬಾ ಅಂತಾಳೆ, ಮೇಲಿನ ರೂಮು ಖಾಲಿ ಇದೆ" ಎಂದಳು. ಮಗಳ ಮನೆಯ ಮೇಲಿನ ರೂಮಿನಲ್ಲಿ ಕೂತು ಏನು ಮಾಡಲಿ? ಬೆಳಿಗ್ಗೆ ಎದ್ದು ಹಾಲಿನ ಬೂತಿಗೆ ಹೋಗಲೇ? ಇಲ್ಲಿ ಗೇಟಿನ ಹತ್ತಿರ ಬಂದರೆ ಪಠಾಣ್ ವಾಚ್‌ಮನ್ ಕೂಡ ಮೂರ್ತಿ ಸಾಬ್ ಎಂದು ಎದ್ದು ನಿಲ್ಲುತ್ತಾನೆ.

ಮೈಸೂರುಪಾಕು ಮಾತ್ರ ಚೆನ್ನಾಗಿತ್ತು.

ಮಾರ್ಚ್ 11, ಮಂಗಳವಾರ

ರಂಜಾನ್. ಮಧ್ಯಾಹ್ನಕ್ಕೇ ಕೆಲಸ ಬಿಡುತ್ತದೆ. ಹೊತ್ತು ಹೋಗುವುದಿಲ್ಲ. ನನ್ನ ರಿನ್ಯೂವಲ್ ಬಗ್ಗೆ ಕೇಳಿದೆ, ನಿರಂಜನರ ಮೇಜಿನ ಮೇಲಿದೆಯಂತೆ. ಅಲ್ಲಿಯೇ ಇದೆಯಂತೆ, ಅಷ್ಟೇ.

ಪುಸ್ತಕದ ಕೊನೆಯ ಪುಟಗಳನ್ನು ಮತ್ತೆ ಓದಿದೆ. ಮೊದಲ ಸುತ್ತಿನಲ್ಲಿ ನಾನು ಕೆಲವು ಪ್ಯಾರಾ ಹಾರಿಸಿದ್ದೆ. ಪೈ ಶೆನ್ ಸತ್ತ ಮೇಲೆ ಕುವೊ ಲಾಂಗ್ ಇಪ್ಪತ್ತು ವರ್ಷ ಆಳಿದ. ಕಾಲುವೆ ತೋಡಿಸಿದ, ಕಣಜಗಳು ತುಂಬಿದವು, ಗಡಿಯಲ್ಲಿ ಯುದ್ಧವಾಗಲಿಲ್ಲ. ಸಾಹುಕಾರರಿಗೆ ಬೇಸರವಾದೀತೆಂದು ಅದನ್ನು ಹೇಳಿರಲಿಲ್ಲ. ಆದರೆ ಬರೆದವನು ಬರೆದಿದ್ದಾನೆ. ಒಂದು ರಾಜ್ಯಕ್ಕೆ ಬೇಕಾದದ್ದು ಹಕ್ಕುದಾರನೋ ಕೆಲಸಗಾರನೋ ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ. ನಾನು ಇದನ್ನು ನಿಧಾನವಾಗಿ ಯೋಚಿಸಬೇಕು.

ವೆಲ್ಡರುಗಳಲ್ಲಿ ಇಬ್ಬರ ವೀಸಾ ಮುಗಿಯಿತು. ಒಬ್ಬ ನನ್ನ ಹತ್ತಿರ ಬಂದು ಅತ್ತ. ನಾನೇನು ಮಾಡಲಿ?

ಮಾರ್ಚ್ 30, ಭಾನುವಾರ

ಈದ್ ಮತ್ತು ಯುಗಾದಿ ಒಂದೇ ದಿನ ಬಂದಿವೆ. ಹೊನ್ನಪ್ಪನವರ ಮನೆಗೆ ದಂಪತಿ ಹೋಗಿದ್ದೆವು. ತಾರಾಬಾಯಿಯವರು ಗಂಡನ ತುಟಿಗೆ ಬೇವುಬೆಲ್ಲ ಸವರಿದರು. ನಿರಂಜನ ಅವರೂ ಖರ್ಜೂರದ ಡಬ್ಬಿ ತಂದಿದ್ದರು. ಹೊನ್ನಪ್ಪನವರ ಪಾದ ಮುಟ್ಟಿ ನಮಸ್ಕಾರ ಮಾಡಿದರು. ನಾಟಕ ಎನ್ನಬಹುದು. ಆದರೆ ನಾಟಕವಾಡಲಿಕ್ಕೂ ಬಗ್ಗಬೇಕಲ್ಲ, ಎಷ್ಟು ಜನ ಬಗ್ಗುತ್ತಾರೆ? ಗುರುವಾರ ನನ್ನ ರಿನ್ಯೂವಲ್‌ಗೆ ಸಹಿ ಮಾಡಿ ತಾವೇ ತಂದುಕೊಟ್ಟಿದ್ದರು. ಅದನ್ನೂ ನೆನೆಯಬೇಕು.

ಅಕ್ಷರಾ ನನ್ನನ್ನು ಬಾಲ್ಕನಿಗೆ ಕರೆದಳು. "ಅಂಕಲ್, ಆಯುಧಪೂಜೆ ದಿನ ಅಮ್ಮ ಇಂಡಿಯಾದಲ್ಲಿದ್ರು. ಅಪ್ಪ ಹೇಳಿದ್ದನ್ನ ನಾನು ಹೇಳಿದ್ರೆ, ನಿಂದ ನೀನ ಹೇಳ್ಕೊಂಡ್ರ ಹೆಂಗ ಅಂತಾರೆ. ವರ್ಕರ್ಸ್ ಯಾರೂ ಬಾಯಿ ಬಿಡಲ್ಲ, ಅವರ ವೀಸಾ ಅವರಿಗೆ. ನೀವು ಹೇಳಿದ್ರೆ ಅಮ್ಮ ನಂಬ್ತಾರೆ. ಜಸ್ಟ್ ಟೆಲ್ ಹರ್, ಅಂಕಲ್. ಅಷ್ಟೇ." ಅವಳ ಕಣ್ಣುಗಳು ಅಪ್ಪನವೇ. ಹೇಳುತ್ತೇನಮ್ಮ, ಸಮಯ ನೋಡಿ ಹೇಳುತ್ತೇನೆ ಎಂದೆ.

ಸಮಯ ಸಿಗುವ ಮೊದಲೇ ತಾರಾಬಾಯಿಯವರು ಎಲ್ಲರೆದುರಿಗೆ ತೀರ್ಪು ಕೊಟ್ಟುಬಿಟ್ಟರು. "ನಂಗ ಇದರಾಗಿಂದು ಏನೂ ತಿಳ್ಯಂಗಿಲ್ಲ. ನನ್ನ ಗಂಡ ಏನ್ ಅಂತಾರೊ ಅದ ಆಗ್ಲಿ. ಅವ್ರು ದನಿ ತಗಿಯೂದು ಮೂರ್ತಿಯವರ ಮುಂದ ಅಷ್ಟ. ಸರ, ನೀವ ಒಳಗ ಹೋಗಿ ಕೇಳ್ರಿ. ಮಗಳಿಗೋ, ನಿರಂಜನಪ್ಪಗೋ. ಹೊರಗ ಬಂದು ನೀವು ಏನ್ ಹೇಳ್ತೀರಿ, ನಾ ಅದಕ್ಕ ಸಹಿ ಮಾಡ್ತೀನಿ. ದೇವರ ಮ್ಯಾಲ ಎಷ್ಟು ನಂಬಿಗಿ ಐತೋ ನಿಮ್ಮ ಮ್ಯಾಲೂ ಅಷ್ಟ ಐತಿ."

ಅಕ್ಷರಾ ನನ್ನನ್ನೇ ನೋಡುತ್ತಿದ್ದಳು. ಆಯುಧಪೂಜೆಯ ಮಾತು ಆಗಲೇ ಹೇಳಬಹುದಿತ್ತು. ಬಾಯಲ್ಲಿ ಬೇವು ಇತ್ತು.

ಏಪ್ರಿಲ್ 10, ಗುರುವಾರ

ನಿರಂಜನ ಅವರು ಕ್ಯಾಬಿನ್ನಿಗೆ ಕರೆದು ಚಹಾ ಕೊಡಿಸಿದರು. ಕ್ವಾಲಿಟಿ ಮ್ಯಾನೇಜರ್ ಎಂಬ ಹುದ್ದೆ ಹೊಸದಾಗಿ ಮಾಡುತ್ತಾರಂತೆ. ಅರವತ್ತಾದ ಮೇಲೂ ಇಟ್ಟುಕೊಳ್ಳಲು ಅಡ್ಡಿಯಿಲ್ಲವಂತೆ. ಹೊನ್ನಪ್ಪನವರ ಚಿಕಿತ್ಸೆ ಇಲ್ಲಿಯೇ ಮುಂದುವರಿಯುತ್ತದೆ, ವೆಲಿಟಾಳ ಸಂಬಳ ಕಂಪನಿಯದೇ ಎಂದು ಮಾತು ಕೊಟ್ಟರು. "ಈ ವಾರ ಖಲಾಸ್ ಮಾಡ್ಬಿಡೋಣ ಸರ್. ಎಲ್ಲರಿಗೂ ಒಳ್ಳೇದು" ಎಂದರು. ನನ್ನಿಂದ ಇಂಥದ್ದೇ ಹೇಳಬೇಕೆಂದು ಒಂದು ಮಾತೂ ಆಡಲಿಲ್ಲ. ಸಂಭಾವಿತರು.

ಏಪ್ರಿಲ್ 13, ಭಾನುವಾರ

ಕೇಳಲಾಯಿತು.

ಹಾಲಿನಲ್ಲಿ ತಾರಾಬಾಯಿ, ಅಕ್ಷರಾ, ನಿರಂಜನ ಅವರು, ಇಬ್ಬರು ಫೋರ್‌ಮನ್‌ಗಳು ಕೂತಿದ್ದರು. ನಾನು ಒಳಗೆ ಹೋಗಿ ಬಾಗಿಲಿನ ಪರದೆ ಎಳೆದೆ. ವೆಲಿಟಾ ಬಿ.ಪಿ. ನೋಡುತ್ತಿದ್ದಳು. ಎಂದಿನಂತೆ ಕಥೆ ಶುರು ಮಾಡಿದೆ. ಸೇನಾಪತಿಯು ಸಭೆಗೆ ಬಂದನು. ಹೂಂ. ಸಭೆಯವರೆಲ್ಲ ಎದ್ದು ನಿಂತರು. ಹೂಂ. ಪೈ ಶೆನ್ ಪರದೆಯ ಒಳಗೆ ಹೋದನು. ಹೂಂ. ವರ್ಕ್‌ಶಾಪು ನಿರಂಜನ ಅವರ ಹೆಸರಿಗೆ ಆಗಲಿ. ಹೂಂ.

ದನಿ ಏರಿಸಲಿಲ್ಲ, ಇಳಿಸಲಿಲ್ಲ. ಮಧ್ಯೆ ನಿಲ್ಲಿಸಲೂ ಇಲ್ಲ. ಮಗಳ ಹೆಸರು ಹಿಡಿದೂ ಕೇಳಬೇಕಿತ್ತೋ ಏನೋ. ಎರಡಕ್ಕೂ ಹೂಂ ಎಂದುಬಿಟ್ಟಿದ್ದರೆ ಇನ್ನೂ ಗೊಂದಲವಾಗುತ್ತಿತ್ತು.

ಹೊರಗೆ ಬಂದು, "ಒಪ್ಪಿದರು" ಎಂದೆ.

ತಾರಾಬಾಯಿಯವರು ಕೈಮುಗಿದರು. ಅಕ್ಷರಾ ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ, "ಕಥೆ ಹೇಳ್ತಾ ಕೇಳಿದ್ರಾ, ಅಂಕಲ್?" ಎಂದಳು. ನಾನು ಕೇಳಿದೆನಮ್ಮ ಎಂದೆ. ಅವಳು ಒಳಗಿನಿಂದ ಬಂದ ವೆಲಿಟಾಳ ಕಡೆ ತಿರುಗಿದಳು. ವೆಲಿಟಾ ಬಿ.ಪಿ. ಪಟ್ಟಿಯನ್ನು ಸುತ್ತುತ್ತಾ, "ನನಗೆ ಎಂತ ಕೇಳಿಸ್ಲಿಲ್ಲ ಮಾರಾಯ್ತಿ. ನಾನು ಬಿ.ಪಿ. ನೋಡ್ತಾ ಇದ್ದೆ" ಎಂದಳು. ಅವಳ ಸಂಬಳ ಕಂಪನಿಯಿಂದ ಬರುತ್ತದೆಂದು ಅವಳಿಗೆ ಯಾರು ಹೇಳಿದರೋ.

ಫೋರ್‌ಮನ್‌ಗಳು ನೆಲ ನೋಡುತ್ತಿದ್ದರು. ಹೊನ್ನಪ್ಪನವರು ಕಥೆಗೆ ಮಾತ್ರ ಹೂಂ ಅನ್ನುತ್ತಾರೆಂದು ಆ ಮನೆಯಲ್ಲಿ ತಿಳಿಯದವರು ಯಾರೂ ಇಲ್ಲ. ಹಾಗಿದ್ದೂ ಯಾರೂ ಬೇರೆ ಮಾತಾಡಲಿಲ್ಲ ಎಂದರೆ ಎಲ್ಲರಿಗೂ ಇದೇ ಬೇಕಿತ್ತೆಂದೇ ಅರ್ಥ. ಜನರ ಮನಸ್ಸೇ ಆಕಾಶದ ಅಪ್ಪಣೆ ಎಂದು ಪುಸ್ತಕದಲ್ಲೇ ಒಂದು ಕಡೆ ಇದೆ.

ನಾನು ಸುಳ್ಳು ಹೇಳಿಲ್ಲ. ಅವರು ಹೂಂ ಅಂದರು.

ಏಪ್ರಿಲ್ 17, ಗುರುವಾರ

ಸಹಿ ಆಯಿತು.

ಮೇ 6, ಮಂಗಳವಾರ

ಹೊಸ ಕ್ಯಾಬಿನ್. ಎ.ಸಿ. ಚೆನ್ನಾಗಿದೆ. ನಿರಂಜನ ಅವರು ಈಗ ಎಂ.ಡಿ.ಯವರು. ತಮಗಾಗಿ ಹೊಸ ಕುರ್ಚಿ ತರಿಸಿಕೊಂಡು, ಹಳೆಯದನ್ನು ದಿಂಬಿನ ಸಮೇತ ನನ್ನ ಕ್ಯಾಬಿನ್ನಿಗೆ ಕಳಿಸಿದರು. "ನಿಮ್ಮ ಬೆನ್ನಿಗೆ ಒಳ್ಳೇದು ಸರ್" ಎಂದರು. ಬೇಡ ಎಂದರೆ ಬೇಸರ ಮಾಡಿಕೊಂಡಾರು.

ಚಾಮುಂಡೇಶ್ವರಿಗೆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಅದರ ಮೇಲೆ ಹೇಗೆ ಕೂತ್ರಿ?" ಎಂದಳು. ಎಲ್ಲರೂ ಕೂರುವ ಹಾಗೆ ಎಂದೆ. ಅವಳು ನಗಲಿಲ್ಲ. ಇತ್ತೀಚೆಗೆ ನನ್ನ ಯಾವ ಮಾತಿಗೂ ನಗುವುದಿಲ್ಲ.

ಮೇ 19, ಸೋಮವಾರ

ಚಾಮುಂಡೇಶ್ವರಿಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಹಿತಾಳ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುತ್ತಾಳೆ. ಇಲ್ಲಿಯ ಸೆಖೆ ಅವಳಿಗೆ ಒಗ್ಗುವುದಿಲ್ಲ, ಸೆಖೆ ಇಳಿದ ಮೇಲೆ ಬರುತ್ತಾಳೆ. ದೇವರ ಫೋಟೋಗಳನ್ನೂ ಕುಕ್ಕರನ್ನೂ ಯಾಕೆ ತೆಗೆದುಕೊಂಡು ಹೋದಳೋ ತಿಳಿಯಲಿಲ್ಲ.

ಜೂನ್ 1, ಭಾನುವಾರ

ಲೈಸೆನ್ಸಿನಲ್ಲಿ ಹೆಸರಿಲ್ಲದ ಮೇಲೆ ಹೊನ್ನಪ್ಪನವರ ಕುಟುಂಬದ ವೀಸಾ ಉಳಿಯುವುದಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು. ಚಿಕಿತ್ಸೆಯ ಮಾತು ಏನಾಯಿತೆಂದು ಎಂ.ಡಿ.ಯವರನ್ನು ಕೇಳಿದೆ. "ಟ್ರೈ ಮಾಡ್ದೆ ಮೂರ್ತಿ, ಆಗಲ್ಲ ಅಂತಾರೆ. ಗದಗದಲ್ಲೂ ಒಳ್ಳೆ ಡಾಕ್ಟರ್ಸ್ ಇದಾರೆ ಬಿಡಿ" ಎಂದರು. ರೂಲ್ಸ್ ರೂಲ್ಸೇ. ಅವರನ್ನು ದೂಷಿಸಿ ಪ್ರಯೋಜನವಿಲ್ಲ.

ಅಕ್ಷರಾ ಹೆಲ್ಮೆಟನ್ನು ಸ್ಟೋರಿಗೆ ಒಪ್ಪಿಸಿ ಹೋದಳಂತೆ. ನನ್ನ ಕ್ಯಾಬಿನ್ನಿನ ಗಾಜಿನ ಮುಂದೆಯೇ ಹಾದುಹೋದಳು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅವಳು ನೋಡಲಿಲ್ಲ.

ಜೂನ್ 8, ಭಾನುವಾರ

ಬುಧವಾರ ಅವರು ಹೊರಡುತ್ತಾರೆ. ಹೋಗುವುದೋ ಬೇಡವೋ ಎಂದು ಮಧ್ಯಾಹ್ನದವರೆಗೆ ಕೂತಿದ್ದು, ಕೊನೆಗೆ ಹೋದೆ. ಕೊನೆಯ ಅಧ್ಯಾಯವೊಂದು ಉಳಿದಿತ್ತು. ಹೇಳಿಕೊಂಡು ಬಂದ ಕಥೆಯನ್ನು ಮಧ್ಯದಲ್ಲಿ ಬಿಡುವುದು ಸರಿಯಲ್ಲ.

ಹಾಲ್ ತುಂಬ ಪೆಟ್ಟಿಗೆಗಳು. ತಾರಾಬಾಯಿಯವರು ಚಹಾ ಕೊಟ್ಟರು. ಕುಂದರ್ರಿ ಎನ್ನಲಿಲ್ಲ. "ಹೇಳ್ರಿ ಸರ, ಕಡೀ ಸಲ. ಅವ್ರಿಗೆ ಅದೊಂದರ ಸಿಗ್ಲಿ" ಎಂದು ಒಳಗೆ ಹೋದರು. ಆಕೆಗೆ ಎಷ್ಟು ತಿಳಿದಿದೆಯೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಮುದುಕರು ಕಿಟಕಿಯ ಹತ್ತಿರದ ಗಾಲಿಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಕೂತು ಶುರು ಮಾಡಿದೆ. ಚಳಿಗಾಲ ಬಂದಿತು. 'ಹೂಂ.' ಸೇನಾಪತಿಯು ಸಭೆಯನ್ನು ಕರೆಸಿದನು. 'ಹೂಂ.' ಪೈ ಶೆನ್ ಬಿಳಿಯ ಬಟ್ಟೆಯುಟ್ಟು ಮನೆಯಿಂದ ಹೊರಟನು. 'ಹೂಂ', ಸ್ವಲ್ಪ ಜೋರಾಗಿಯೇ. ಈ ಜಾಗ ಅವರಿಗೆ ನೆನಪಿತ್ತೆಂದು ಕಾಣುತ್ತದೆ, ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಹಿಡಿದಿತ್ತು.

ತಲೆ ಹೋಗುವುದನ್ನು ಊರಿಗೆ ಹೊರಟಿರುವ ರೋಗಿಯ ಮುಂದೆ ಹೇಳಬಾರದು ಅನ್ನಿಸಿತು. ಅದೂ ಅಲ್ಲದೆ ಪೈ ಶೆನ್ ಸತ್ತು ಯಾರನ್ನು ಉಳಿಸಿದ? ಎಳೆಯ ಅರಸುಮಗನನ್ನು ಹೇಗೂ ಗಡಿಪಾರು ಮಾಡಿದರು. ಆದ್ದರಿಂದ ಸ್ವಲ್ಪ ತಿದ್ದಿದೆ. ಪೈ ಶೆನ್ ಪರದೆಯ ಒಳಗೆ ಹೋದನು, ಬಹಳ ಹೊತ್ತು ಯೋಚಿಸಿದನು, ರಾಜ್ಯದ ಹಿತವನ್ನು ನೋಡಿದನು, ಹೊರಗೆ ಬಂದು, ಅರಸರು ಒಪ್ಪಿದರು ಎಂದನು.

ಕಾದೆ.

ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಪೈ ಶೆನ್ ಹೊರಗೆ ಬಂದು, ಅರಸರು ಒಪ್ಪಿದರು ಎಂದನು. ಅವರು ಕಿಟಕಿ ಬಿಟ್ಟು ನನ್ನ ಕಡೆ ಮುಖ ತಿರುಗಿಸಿದರು. ಕಣ್ಣು ತೆರೆದೇ ಇತ್ತು. ಜಾರಿದ ತುಟಿಗಳನ್ನು ಎಡಗೈಯಿಂದ ಒತ್ತಿ ಮುಚ್ಚಿಕೊಂಡರು. ಹೂಂ ಅನ್ನದೆ ಮುಂದೆ ಹೋಗಬಾರದಲ್ಲ. ಚಹಾ ಆರಿತು. ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟು ಎದ್ದು ಬಂದೆ.

ಆಯಾಸವಾಗಿರಬೇಕು, ಅಥವಾ ಔಷಧಿಯ ಮಂಪರು. ಏನೇ ಇರಲಿ, ಸಾಹುಕಾರರು ಇಂದು ಏನೂ ಹೇಳಲಿಲ್ಲ.

ಜೂನ್ 16, ಸೋಮವಾರ

ಮಧ್ಯಾಹ್ನದ ಬಿಸಿಲಿನಲ್ಲಿ ಹೊರಗೆ ಕೆಲಸ ಮಾಡಿಸಬಾರದೆಂಬ ಬೇಸಿಗೆಯ ನಿಯಮ ನಿನ್ನೆಯಿಂದ ಶುರುವಾಗಿದೆ. ಅದನ್ನು ತಿಳಿಸಲು ಟೂಲ್‌ಬಾಕ್ಸ್ ಮೀಟಿಂಗನ್ನು ನಾನೇ ತೆಗೆದುಕೊಳ್ಳಬೇಕಾಯಿತು. ಸಾಲಿನಲ್ಲಿದ್ದ ಹಳೆಯ ಫೋರ್‌ಮನ್ ಒಬ್ಬ, "ಸರ, ಸಾವಕಾರ್ರು ಹೋಗೂಮುಂದ ನಮಗೇನರ ಹೇಳಿದ್ರೇನ್ರಿ?" ಎಂದು ಕೇಳಿದ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಂ.ಡಿ.ಯವರು ಮೆಟ್ಟಿಲ ಮೇಲೆ ನಿಂತಿದ್ದರು.

ಎಲ್ಲರಿಗೂ ಆಶೀರ್ವಾದ ಹೇಳಿದರು, ಎಂ.ಡಿ.ಯವರ ಮಾತು ಕೇಳಿಕೊಂಡು ಇರಿ ಎಂದರು ಎಂದೆ. ಚಪ್ಪಾಳೆ ಹೊಡೆದರು. ಕೇಳಿದ ಫೋರ್‌ಮನ್ನನೂ ಹೊಡೆದ.

ಕುರ್ಚಿ ನಿಜವಾಗಿಯೂ ಬೆನ್ನಿಗೆ ಹಿತವಾಗಿದೆ.